ಡಿಫ್ ಲಾಕ್ ಆದ ಜಿಪ್ಸಿಯ ಜೊತೆ ಸಂಸಾರ

ಮೂಡಿಗೆರೆ ಕಡೆಯ ತೋಟಕ್ಕೆಂದು ಹಳೆಯ ಮಾರುತಿ ಜಿಪ್ಸಿ ಕೊಂಡಾಗ ಮಾರಿದವರು ಎಲ್ಲ ಹೇಳಿದ್ದರು. ಬ್ಯಾಟರಿ ಹೊಸದು, ಟಾಪು ಹೊಸದು, ಕ್ಲಚ್ ಪ್ಲೇಟು ಹೊಸದು. ಒಂದು ಮಾತು ಮಾತ್ರ ನುಂಗಿಕೊಂಡಿದ್ದರು. ಗಾಡಿ ತಂದ ದಿನ ಪೆಟ್ರೋಲ್ ಬಂಕಿನಲ್ಲಿ ಸ್ಟೇರಿಂಗ್ ಫುಲ್ ಕಟ್ ಮಾಡಿ ತಿರುಗಿಸಿದೆ. ಹಿಂದಿನಿಂದ ಯಾರೋ ಹಗ್ಗ ಕಟ್ಟಿ ಜಗ್ಗಿದ ಹಾಗಾಯಿತು. ಟಯರ್ ಕುಂಯ್ ಅಂತ ಕೂಗಿತು. ಹ್ಯಾಂಡ್ ಬ್ರೇಕ್ ಬಿಟ್ಟಿಲ್ಲವೇನೋ ಅಂತ ನೋಡಿದರೆ, ಬಿಟ್ಟೇ ಇತ್ತು. ಗಾಳಿ ಹಾಕುವ ಹುಡುಗ ನಗುತ್ತಾ ಬಂದ. "ಅಣ್ಣಾ, ಡಿಫ್‌ಗೆ ವೆಲ್ಡಿಂಗ್ ಹೊಡ್ಸಿದಾರೆ ಅನ್ಸತ್ತೆ" ಅಂದ. ಅವನ ಮಾತೇ ನಿಜವಾಯಿತು. ಡಿಫ್ ಅಂದರೆ ಡಿಫರೆನ್ಷಿಯಲ್, ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರುಗಳ ಜೋಡಣೆ. ವೆಲ್ಡಿಂಗ್ ಹೊಡೆದರೆ ಎರಡೂ ಒಟ್ಟಿಗೇ ಸುತ್ತುತ್ತವೆ, ಅದನ್ನೇ ಲಾಕ್ ಅನ್ನುವುದು.

ಆಮೇಲೆ ನಾಲ್ಕು ಮಳೆಗಾಲ ಅದೇ ಗಾಡಿಯಲ್ಲಿ ಕಳೆದಿದ್ದೇನೆ. ಮಲೆನಾಡಿನಲ್ಲಿ ಇಂಥ ಜಿಪ್ಸಿಗಳು, ಹಳೆಯ ಜೀಪುಗಳು ಕಡಿಮೆಯೇನಲ್ಲ. ಬೇಕೆಂದೇ ಲಾಕ್ ಮಾಡಿಸಿದವರೂ ಇದ್ದಾರೆ, ನನ್ನ ಹಾಗೆ ಗೊತ್ತಿಲ್ಲದೆ ತಲೆಗೆ ಕಟ್ಟಿಸಿಕೊಂಡವರೂ ಇದ್ದಾರೆ. ಇಬ್ಬರಿಗೂ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಲೆಕ್ಕ

ಎತ್ತಿನ ಗಾಡಿಗೆ ಡಿಫರೆನ್ಷಿಯಲ್ ಬೇಕಿಲ್ಲ. ಅಚ್ಚು ಸುಮ್ನೆ ನಿಂತಿರುತ್ತದೆ, ಎರಡು ಚಕ್ರ ತಮ್ಮ ಪಾಡಿಗೆ ತಾವು ಸುತ್ತುತ್ತವೆ. ಮೋಟಾರು ಗಾಡಿಯಲ್ಲಿ ಎರಡು ಚಕ್ರಕ್ಕೂ ಎಂಜಿನ್ ಶಕ್ತಿ ಮುಟ್ಟಬೇಕು, ತಿರುವಿನಲ್ಲಿ ಅವು ಬೇರೆ ಬೇರೆ ವೇಗದಲ್ಲೂ ಸುತ್ತಬೇಕು. ಆ ಕೆಲಸಕ್ಕೇ ಡಿಫ್ ಒಳಗೆ ಸ್ಟಾರ್ ಗೇರುಗಳಿರುವುದು. ಅವಕ್ಕೆ ವೆಲ್ಡಿಂಗ್ ಹೊಡೆದರೆ ಎರಡು ಚಕ್ರವೂ ಒಂದೇ ಸರಳಿಗೆ ಸಿಕ್ಕಿಸಿದ ಹಾಗೆ.

ಜಿಪ್ಸಿಯ ಹಿಂದಿನ ಎರಡು ಚಕ್ರಗಳ ನಡುವೆ ಸುಮಾರು 1.3 ಮೀಟರ್ ಅಂತರ. ಗಾಡಿ ಒಂದು ಪೂರ್ತಿ ಸುತ್ತು ಹಾಕಿದರೆ ಹೊರಗಿನ ಚಕ್ರ ಒಳಗಿನದಕ್ಕಿಂತ 8 ಮೀಟರಿಗೂ ಸ್ವಲ್ಪ ಜಾಸ್ತಿ ಓಡಬೇಕು. ಮಜಾ ಏನೆಂದರೆ, ಸುತ್ತು ಚಿಕ್ಕದಿರಲಿ ದೊಡ್ಡದಿರಲಿ, ಈ 8 ಮೀಟರ್ ಬದಲಾಗುವುದಿಲ್ಲ. ಅಂದರೆ ಒಂದು ಸಾದಾ ಎಡ ತಿರುವಿಗೆ 2 ಮೀಟರ್. ಒಂದು ಹೇರ್‌ಪಿನ್ನಿಗೆ 4 ಮೀಟರ್. ಆಗುಂಬೆ ಘಾಟಿಯ 14 ಹೇರ್‌ಪಿನ್ ಇಳಿದರೆ ಹತ್ತಿರ ಹತ್ತಿರ 57 ಮೀಟರ್. ಡಿಫ್ ಇದ್ದರೆ ಈ ವ್ಯತ್ಯಾಸ ಸದ್ದಿಲ್ಲದೆ ಸರಿಹೋಗುತ್ತದೆ. ಲಾಕ್ ಆದರೆ ಅಷ್ಟನ್ನೂ ಟಯರ್ ನೆಲಕ್ಕೆ ಉಜ್ಜಿಯೇ ತೀರಿಸಬೇಕು. ಅದೇ ತಿರುವನ್ನು ದೊಡ್ಡದಾಗಿ ತೆಗೆದುಕೊಂಡರೆ ಈ ಉಜ್ಜಾಟ ಉದ್ದಕ್ಕೂ ಹಂಚಿಹೋಗುತ್ತದೆ, ಸಣ್ಣ ಜಾಗದಲ್ಲಿ ತಿರುಗಿಸಿದರೆ ಅಷ್ಟೂ ಒಂದೇ ಕಡೆ ಬೀಳುತ್ತದೆ. ಮುಂದೆ ಹೇಳುವ ಅರ್ಧ ಮಾತು ಈ ಲೆಕ್ಕದಿಂದಲೇ ಬಂದದ್ದು.

ನಿಮ್ಮ ಗಾಡಿಯಲ್ಲಿರುವುದು ಯಾವ ಲಾಕ್?

ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಹಿಂದಿನ ಎರಡೂ ಚಕ್ರ ಎತ್ತಿ, ಹೌಸಿಂಗ್ (ಆಕ್ಸೆಲ್, ಡಿಫ್ ಒಳಗಿರುವ ಕಬ್ಬಿಣದ ಗೂಡು) ಕೆಳಗೆ ಎರಡು ಸ್ಟ್ಯಾಂಡ್ ಇಡಿ. ಎಂಜಿನ್ ಆಫ್, ಫಸ್ಟ್ ಗೇರ್, ಹ್ಯಾಂಡ್ ಬ್ರೇಕ್ ಬಿಟ್ಟಿರಲಿ. ಈಗ ಒಂದು ಚಕ್ರವನ್ನು ಕೈಯಲ್ಲಿ ತಿರುಗಿಸಿ. ಇನ್ನೊಂದು ಉಲ್ಟಾ ತಿರುಗಿದರೆ ಡಿಫ್ ಮಾಮೂಲಿನದು. ಸ್ವಲ್ಪ ಅಲ್ಲಾಡಿ ಎರಡೂ ಗಟ್ಟಿಯಾಗಿ ನಿಂತರೆ ಲಾಕ್ ಆಗಿದೆ. ನ್ಯೂಟ್ರಲ್‌ಗೆ ತಂದು ಮತ್ತೆ ತಿರುಗಿಸಿ. ಎರಡು ಚಕ್ರ, ಡಿಫ್‌ಗೆ ಎಂಜಿನ್ ಬಲ ತರುವ ಪ್ರೊಪೆಲ್ಲರ್ ಶಾಫ್ಟ್ ಮೂರೂ ಒಟ್ಟಿಗೆ ಸುತ್ತಿದರೆ ಸಂಶಯವೇ ಬೇಡ.

ಹಳೆಯ ಗಾಡಿ ಕೊಳ್ಳುವಾಗ ಜಾಕ್ ಹಾಕಲು ಬಿಡದಿದ್ದರೆ ಒಣ ಕಾಂಕ್ರೀಟಿನ ಮೇಲೆ ಫುಲ್ ಕಟ್ ಮಾಡಿ ನಿಧಾನಕ್ಕೆ ಒಂದು ಸುತ್ತು ಹಾಕಿ. ಗಾಡಿಯೇ ಹೇಳುತ್ತದೆ.

ಲಾಕ್‌ನಲ್ಲೂ ಜಾತಿಗಳಿವೆ. ವೆಲ್ಡಿಂಗ್ ಹೊಡೆದದ್ದು ಮತ್ತು ಸ್ಪೂಲ್ (ಸ್ಟಾರ್ ಗೇರುಗಳ ಬದಲು ಒಂದೇ ಗಟ್ಟಿ ತುಂಡು) ಹಾಕಿದ್ದು, ಇವೆರಡೂ ಯಾವಾಗಲೂ ಲಾಕ್. ಆಟೋ ಲಾಕರ್ ಅಂತ ಇನ್ನೊಂದಿದೆ, ಸ್ಟಾರ್ ಗೇರುಗಳ ಜಾಗದಲ್ಲೇ ಕೂರುವ ಹಲ್ಲಿನ ಬಿಲ್ಲೆಗಳು. ರೇಸ್ ಕೊಟ್ಟರೆ ಹಿಡಿಯುತ್ತದೆ, ರೇಸ್ ಬಿಟ್ಟು ತಿರುಗಿದರೆ ಟಿಕ್ ಟಿಕ್ ಅಂತ ಜಾರಿ ಹೊರಗಿನ ಚಕ್ರವನ್ನು ಓಡಲು ಬಿಡುತ್ತದೆ. ಆ ಸದ್ದು ಕೇಳಿ ಮೆಕ್ಯಾನಿಕ್ ಹತ್ತಿರ ಓಡಬೇಡಿ, ಅದರ ಸ್ವಭಾವವೇ ಅದು. ಮೂರನೆಯದು ಸ್ವಿಚ್ ಇರುವ ಲಾಕರ್. ಗಾಳಿಯಿಂದಲೋ ಕರೆಂಟಿನಿಂದಲೋ ಬೇಕಾದಾಗ ಮಾತ್ರ ಲಾಕ್ ಮಾಡುವುದು. ದುಡ್ಡಿದ್ದರೆ ಕಣ್ಣುಮುಚ್ಚಿ ಇದನ್ನೇ ಹಾಕಿಸಿ, ಈ ಲೇಖನದ ಮುಕ್ಕಾಲು ಪಾಲು ನಿಮಗೆ ಬೇಡ. ಗದ್ದೆ ಕೆಲಸ ಮಾಡಿದವರಿಗೆ ಇದು ಹೊಸದಲ್ಲ. ಟ್ರ್ಯಾಕ್ಟರಿನ ಡಿಫ್ ಲಾಕ್ ಪೆಡಲ್ ಇದೇ. ಚಕ್ರ ಕೆಸರಲ್ಲಿ ಹೂತಾಗ ತುಳಿಯುತ್ತೀರಿ, ತಿರುಗಿಸುವ ಮುಂಚೆ ಕಾಲು ತೆಗೆಯುತ್ತೀರಿ. ನನ್ನ ಜಿಪ್ಸಿ ಅಂದರೆ ಆ ಪೆಡಲನ್ನು ಒತ್ತಿ ತಂತಿ ಕಟ್ಟಿಬಿಟ್ಟ ಟ್ರ್ಯಾಕ್ಟರ್.

ಇನ್ನು ಮುಂದೆ ಹೇಳುವುದು ಹೆಚ್ಚಾಗಿ ಯಾವಾಗಲೂ ಲಾಕ್ ಆಗಿರುವ ಗಾಡಿಗಳ ಬಗ್ಗೆ.

ಟಯರ್: ಅವಳಿ ಜವಳಿ ಇರಬೇಕು

ಮೊದಲ ವರ್ಷ ನನ್ನ ಗಾಡಿ ಹೈವೇಯಲ್ಲಿ ಸದಾ ಎಡಕ್ಕೆ ಎಳೆಯುತ್ತಿತ್ತು. ಅಲೈನ್‌ಮೆಂಟ್ ಎರಡು ಸಲ ಮಾಡಿಸಿದೆ. ಕಿಂಗ್‌ಪಿನ್ ನೋಡಿಸಿದೆ. ಕೊನೆಗೆ ಪಂಚರ್ ಅಂಗಡಿಯ ಹಿರಿಯರೊಬ್ಬರು ಹಿಂದಿನ ಟಯರುಗಳ ಮೇಲೆ ಕೈಯಾಡಿಸಿ, "ಸ್ವಾಮಿ, ಇದು ಹೊಸದು, ಅದು ಸವೆದದ್ದು. ಎರಡೂ ಜಗಳ ಆಡ್ತಾವೆ" ಅಂದರು. ಅಷ್ಟೇ ಇತ್ತು ವಿಷಯ.

ಲೆಕ್ಕ ಹಾಕಿ ನೋಡಿ. 205/70 ಆರ್15 ಟಯರಿನ ಸುತ್ತಳತೆ ಸುಮಾರು 2.1 ಮೀಟರ್. ಒಂದು ಟಯರಿನ ಟ್ರೆಡ್ ಇನ್ನೊಂದಕ್ಕಿಂತ 5 ಮಿಲಿಮೀಟರ್ ಹೆಚ್ಚು ಸವೆದಿದ್ದರೆ ಸುತ್ತಳತೆಯಲ್ಲಿ 3 ಸೆಂಟಿಮೀಟರ್ ವ್ಯತ್ಯಾಸ. ಒಂದು ಕಿಲೋಮೀಟರಿಗೆ ಚಕ್ರ ಸುಮಾರು 475 ಸುತ್ತು ಹೊಡೆಯುತ್ತದೆ. ನೆಟ್ಟಗಿನ ರಸ್ತೆಯಲ್ಲೂ ಕಿಲೋಮೀಟರಿಗೆ ಹತ್ತಿರ ಹತ್ತಿರ 15 ಮೀಟರ್ ಉಜ್ಜಾಟ! ದೊಡ್ಡ ಟಯರ್ ಮುಂದೆ ಹೋಗುತ್ತೇನೆ ಅನ್ನುತ್ತದೆ, ಸಣ್ಣದು ಬಿಡುವುದಿಲ್ಲ. ಗಾಡಿ ಸಣ್ಣದರ ಕಡೆ ವಾಲುತ್ತದೆ.

ಅದಕ್ಕೆ ನಾನು ಹೀಗೆ ಮಾಡುತ್ತೇನೆ. ಹಿಂದಿನ ಎರಡು ಟಯರ್ ಒಂದೇ ಕಂಪನಿ, ಒಂದೇ ಮಾದರಿ, ಒಟ್ಟಿಗೇ ಕೊಂಡದ್ದು. ಒಂದು ಹಾಳಾದರೆ ಎರಡೂ ಬದಲು. ಗಾಳಿಯನ್ನು ಬೆಳಗ್ಗೆ ಟಯರ್ ತಣ್ಣಗಿರುವಾಗ ನನ್ನದೇ ಗೇಜಿನಲ್ಲಿ ನೋಡುತ್ತೇನೆ, ಎರಡಕ್ಕೂ ಒಂದೇ ಲೆಕ್ಕ. ಬಂಕಿನ ಗೇಜುಗಳನ್ನು ನಂಬಿ ಕೆಟ್ಟಿದ್ದೇನೆ. ತಿಂಗಳಿಗೊಮ್ಮೆ ಹಿಂದಿನ ಎರಡೂ ಚಕ್ರ ಎತ್ತಿ, ಟಯರಿನ ಸುತ್ತ ಟೇಪು ಸುತ್ತಿ ಅಳೆಯುತ್ತೇನೆ. ನೋಡಿದವರು ನಗುತ್ತಾರೆ, ನಗಲಿ.

ದಾರಿಯಲ್ಲಿ ಹಿಂದಿನ ಟಯರ್ ಪಂಚರ್ ಆದರೆ? ಸ್ಟೆಪ್ನಿ ಹಿಂದಿನ ಜೋಡಿಗೆ ಹೊಂದದಿದ್ದರೆ ಅದನ್ನು ಮುಂದಕ್ಕೆ ಹಾಕಿ, ಮುಂದಿನ ಟಯರುಗಳಲ್ಲಿ ಹೊಂದುವುದನ್ನು ಹಿಂದಕ್ಕೆ ತನ್ನಿ. ಎರಡು ಸಲ ಜಾಕ್ ಹಾಕುವ ಕೆಲಸ ನಿಜ. ಐದು ಕಿಲೋಮೀಟರಿನ ದಾರಿಯಾದರೆ ಬಿಡಿ, ಹೇಗೋ ತಲುಪಿ. ಬೆಂಗಳೂರಿನವರೆಗೂ ಹೋಗುವುದಾದರೆ ಸೋಮಾರಿತನ ಬೇಡ.

ಜಾಕ್ ಹಾಕುವಾಗ

ಇದನ್ನು ಚಿಕ್ಕದಾಗಿ ಹೇಳಿದರೂ ದೊಡ್ಡ ಮಾತು. ಮಾಮೂಲಿ ಡಿಫ್‌ನಲ್ಲಿ ಒಂದು ಹಿಂದಿನ ಚಕ್ರ ಎತ್ತಿ ಗೇರಿಗೆ ಹಾಕಿದರೆ ಎತ್ತಿದ ಚಕ್ರ ಗಾಳಿಯಲ್ಲಿ ಸುತ್ತುತ್ತದೆ. ಲಾಕ್ ಆದ ಗಾಡಿಯಲ್ಲಿ ನೆಲದ ಮೇಲಿರುವ ಚಕ್ರವೂ ಸುತ್ತುತ್ತದೆ. ಗಾಡಿ ಜಾಕಿನ ಮೇಲಿಂದ ಹಾರುತ್ತದೆ. "ಬ್ರೇಕ್ ಸದ್ದು ನೋಡೋಣ, ಸ್ವಲ್ಪ ಸ್ಟಾರ್ಟ್ ಮಾಡು" ಅನ್ನುವ ಮೆಕ್ಯಾನಿಕ್‌ಗಳಿಗೆ ಮೊದಲೇ ಹೇಳಿ. ನಾನು ಬಾನೆಟ್ ಒಳಗೆ ಕೆಂಪು ಪೇಂಟಿನಲ್ಲಿ "ಹಿಂದಿನ ಡಿಫ್ ಲಾಕ್ ಇದೆ" ಅಂತಲೇ ಬರೆಸಿದ್ದೇನೆ.

ಟಾರು ರಸ್ತೆಯಲ್ಲಿ

ಲಾಕ್ ಆದ ಗಾಡಿಗೆ ನೆಟ್ಟಗೆ ಹೋಗುವುದೇ ಇಷ್ಟ. ನೀವು ತಿರುಗಿಸುತ್ತೀರಿ, ಹಿಂದಿನ ಚಕ್ರಗಳು ನೆಟ್ಟಗೆ ತಳ್ಳುತ್ತವೆ. ಸ್ಟೇರಿಂಗ್ ಭಾರ ಅನ್ನಿಸುತ್ತದೆ, ಬೇಕಾದ್ದಕ್ಕಿಂತ ಅಗಲಕ್ಕೆ ಹೋಗುತ್ತದೆ. ಒಣ ರಸ್ತೆಯಲ್ಲಿ ಇಷ್ಟೇ ಕಷ್ಟ. ಮಳೆ ಬಿದ್ದರೆ ಗಾಡಿ ಮುಖ ಬದಲಿಸುತ್ತದೆ. ತಿರುವಿನಲ್ಲಿ ಟಯರ್ ಆಗಲೇ ಉಜ್ಜುತ್ತಿರುತ್ತದೆ, ಅದರ ಹಿಡಿತದಲ್ಲಿ ಒಂದು ಪಾಲು ಅಲ್ಲೇ ಖರ್ಚಾಗಿರುತ್ತದೆ. ಮೇಲೆ ನೀವು ರೇಸ್ ಕೊಟ್ಟಿರೋ, ಎರಡೂ ಚಕ್ರ ಒಟ್ಟಿಗೆ ಬಿಟ್ಟುಕೊಟ್ಟು ಹಿಂಭಾಗ ಹೊರಗೆ ಹೋಗುತ್ತದೆ.

ಚಾರ್ಮಾಡಿ ಘಾಟಿಯಲ್ಲಿ ನಾನು ಇದನ್ನು ಕಲಿತದ್ದು ಜುಲೈನ ಒಂದು ಬೆಳಗ್ಗೆ. ಕೊಟ್ಟಿಗೆಹಾರದಲ್ಲಿ ನೀರು ದೋಸೆ ತಿಂದು ಇಳಿಯುತ್ತಿದ್ದೆ. ಮಂಜು, ಸಣ್ಣ ಮಳೆ, ರಸ್ತೆ ಅಂಚಿಗೆ ಪಾಚಿ. ಒಂದು ತಿರುವಿನ ಮಧ್ಯದಲ್ಲಿ ಎದುರಿಗೆ ಬಸ್ಸು ಕಂಡಿತು, ಗಾಬರಿಯಾಗಿ ಆಕ್ಸಿಲರೇಟರಿನಿಂದ ಫಕ್ಕನೆ ಕಾಲು ತೆಗೆದೆ. ಎಂಜಿನ್ ಹಿಡಿದು ಎಳೆದದ್ದು ಎರಡೂ ಹಿಂದಿನ ಚಕ್ರಗಳನ್ನು ಒಟ್ಟಿಗೆ. ಹಿಂಭಾಗ ಒಂದು ಮಾರು ಪಕ್ಕಕ್ಕೆ ಸರಿಯಿತು. ಬಸ್ಸಿನ ಡ್ರೈವರ್ ಹಾರ್ನ್ ಹೊಡೆಯಲಿಲ್ಲ, ಸುಮ್ಮನೆ ನಿಲ್ಲಿಸಿಕೊಂಡು ನೋಡಿದ. ಅದೇ ಹೆಚ್ಚು ಅವಮಾನ.

ಆವತ್ತಿನಿಂದ ಈ ಕ್ರಮ. ತಿರುವಿಗೆ ಮೊದಲೇ, ಗಾಡಿ ನೆಟ್ಟಗಿರುವಾಗಲೇ ಬ್ರೇಕ್ ಹಾಕಿ ವೇಗ ಇಳಿಸಿ. ಗೇರ್ ಬದಲಿಸುವುದೂ ಅಲ್ಲೇ ಮುಗಿಯಲಿ. ತಿರುವಿನೊಳಗೆ ರೇಸ್ ಒಂದೇ ಸಮ ಇರಲಿ, ಮೊಟ್ಟೆ ಕಾಲಡಿ ಇಟ್ಟುಕೊಂಡ ಹಾಗೆ. ಹೆಚ್ಚು ಕೊಡುವುದೂ ಬೇಡ, ಫಕ್ಕನೆ ಬಿಡುವುದೂ ಬೇಡ. ಗಾಡಿ ಮತ್ತೆ ನೆಟ್ಟಗಾದ ಮೇಲೆ ಎಳೆಯಿರಿ. ಮಳೆಗಾಲದಲ್ಲಿ ಇದೇ ರಸ್ತೆಗೆ ಬೇರೆ ಗಾಡಿಗಳು ಹೋಗುವುದಕ್ಕಿಂತ 10 ಕಿಲೋಮೀಟರ್ ಕಡಿಮೆ ವೇಗ ಇಟ್ಟುಕೊಳ್ಳುತ್ತೇನೆ. ಹಿಂದಿನ ಕಾರಿನವರು ಲೈಟ್ ಹೊಡೆದರೆ ಎಡಕ್ಕೆ ಬಿಟ್ಟು ದಾರಿ ಕೊಡುತ್ತೇನೆ.

ಟಾರಿನ ಮೇಲೆ ಫೋರ್ ವೀಲ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ) ಹಾಕಬೇಡಿ, ಮಳೆ ಇದ್ದರೂ. ಜಿಪ್ಸಿಯಲ್ಲಿ ಮುಂದಿನ ಹಿಂದಿನ ಆಕ್ಸೆಲ್‌ಗಳ ನಡುವೆ ಡಿಫ್ ಇಲ್ಲ. ಹಿಂದೆ ಲಾಕ್, ನಡುವೆಯೂ ಲಾಕ್ ಅಂದರೆ ತಿರುವಿನಲ್ಲಿ ಗಾಡಿ ಪೂರ್ತಿ ಬಿಗಿದುಕೊಳ್ಳುತ್ತದೆ.

ಪಾರ್ಕಿಂಗ್ ಬೇರೆಯೇ ಕಥೆ. ಬೆಂಗಳೂರಿನ ಮಾಲ್‌ಗಳ ಬೇಸ್‌ಮೆಂಟಿನಲ್ಲಿ ಆ ನುಣ್ಣನೆಯ ನೆಲದ ಮೇಲೆ ಒಂದು ತಿರುವು ತೆಗೆದುಕೊಳ್ಳಿ. ಇಡೀ ಬೇಸ್‌ಮೆಂಟ್ ತಿರುಗಿ ನೋಡುತ್ತದೆ. ಒಂದೇ ಸಲಕ್ಕೆ ಫುಲ್ ಕಟ್ ಮಾಡಿ ತೂರಿಸುವ ಬದಲು ಎರಡು ಮೂರು ಸಲ ಹಿಂದೆ ಮುಂದೆ ಮಾಡಿ ಅಗಲವಾಗಿ ತೆಗೆದುಕೊಳ್ಳಿ. ಪಕ್ಕದಲ್ಲಿ ಮಣ್ಣಿನ ಜಾಗ ಇದ್ದರೆ ಅಲ್ಲೇ ತಿರುಗಿಸಿ, ಮಣ್ಣಲ್ಲಿ ಟಯರ್ ಜಾರಿದರೆ ನಷ್ಟವಿಲ್ಲ.

ಕೆಸರಲ್ಲಿ: ಎಲ್ಲರೂ ಹೇಳದ ಮಾತು

ಲಾಕ್ ಇದ್ದರೆ ಕೆಸರಲ್ಲಿ ಎಲ್ಲಿ ಬೇಕಾದರೂ ಹತ್ತುತ್ತದೆ ಅನ್ನುತ್ತಾರೆ. ನೆಟ್ಟಗಿನ ಏರಿನಲ್ಲಿ ನಿಜ. ಒಂದು ಚಕ್ರ ಗುಂಡಿಯ ಮೇಲೆ ತೇಲಿದರೂ ಇನ್ನೊಂದು ತಳ್ಳುತ್ತದೆ. ಮೊದಲು ಮೂರು ಸಲ ಹಿಂದೆ ಬಂದು ನುಗ್ಗಿಸುತ್ತಿದ್ದ ಏರನ್ನು ಈಗ ಲೋ ಗೇರಿನಲ್ಲಿ ನಡೆಯುವ ವೇಗದಲ್ಲಿ ಹತ್ತುತ್ತೇನೆ. ರಸ್ತೆಯೂ ಕಡಿಮೆ ಹಾಳಾಗುತ್ತದೆ. ಈ ಗಾಡಿಯನ್ನು ಇನ್ನೂ ಇಟ್ಟುಕೊಂಡಿರುವುದು ಇದೊಂದಕ್ಕೇ.

ಅಡ್ಡ ಇಳಿಜಾರಿನಲ್ಲಿ ಮಾತ್ರ ಇದೇ ಲಾಕ್ ಶತ್ರು. ಗುಡ್ಡದ ಪಕ್ಕದಲ್ಲಿ ಕೊರೆದ ತೋಟದ ರಸ್ತೆ, ಒಂದು ಬದಿ ಏರು, ಇನ್ನೊಂದು ಬದಿ ಇಳಿಜಾರು ಅಂದುಕೊಳ್ಳಿ. ಮಾಮೂಲಿ ಡಿಫ್‌ನಲ್ಲಿ ಒಂದು ಚಕ್ರ ಸುತ್ತುತ್ತಿದ್ದರೆ ಇನ್ನೊಂದು ಸುಮ್ಮನೆ ನಿಂತಿರುತ್ತದೆ. ಆ ನಿಂತ ಚಕ್ರ ನೆಲಕ್ಕೆ ಕಚ್ಚಿಕೊಂಡು ಗಾಡಿಯ ಹಿಂಭಾಗ ಕೆಳಗೆ ಜಾರದಂತೆ ಹಿಡಿಯುತ್ತದೆ. ಲಾಕ್ ಆದರೆ ಎರಡೂ ಸುತ್ತುತ್ತವೆ. ಸುತ್ತುವ ಟಯರಿಗೆ ಪಕ್ಕದ ಹಿಡಿತವಿಲ್ಲ. ಗಾಡಿ ಮುಂದೂ ಹೋಗುವುದಿಲ್ಲ, ಕೆಳಗೆ ಸರಿಯುತ್ತದೆ.

ನನ್ನದು ಸರಿದು ನಿಂತದ್ದು ಒಂದು ಸಿಲ್ವರ್ ಓಕ್ ಮರಕ್ಕೆ. ಮಧ್ಯೆ ನಾಲ್ಕು ಕಾಫಿ ಗಿಡ ಹೋದವು. ಮರ ಇಲ್ಲದಿದ್ದರೆ ಕೆಳಗಿನ ಹಳ್ಳವೇ ಗತಿ. ಈಗ ಅಡ್ಡ ಇಳಿಜಾರಿನಲ್ಲಿ ಚಕ್ರ ಸುತ್ತತೊಡಗಿತು ಅಂದರೆ ಕ್ಲಚ್ ಒತ್ತಿ ನಿಲ್ಲುತ್ತೇನೆ. ಇಳಿಯುತ್ತೇನೆ, ನೋಡುತ್ತೇನೆ, ಕತ್ತಿ ಹಾರೆ ತೆಗೆದು ಮೇಲಿನ ಬದಿಯ ಮಣ್ಣು ಕೊಚ್ಚಿ ದಾರಿ ಸಮ ಮಾಡುತ್ತೇನೆ. ರೇಸ್ ಕೊಟ್ಟು ಗೆದ್ದವರನ್ನು ನಾನು ನೋಡಿಲ್ಲ.

ಆಕ್ಸೆಲ್ ಮುರಿಯುವುದು ಹೀಗೆ

ಮಾಮೂಲಿ ಡಿಫ್ ಎರಡು ಚಕ್ರಕ್ಕೂ ಸಮ ಬಲ ಕೊಡುತ್ತದೆ. ಒಂದು ಗಾಳಿಯಲ್ಲಿದ್ದರೆ ಇನ್ನೊಂದಕ್ಕೂ ಬಲ ಇಲ್ಲ. ಗಾಡಿ ನಿಲ್ಲುತ್ತದೆ, ಆದರೆ ಏನೂ ಮುರಿಯುವುದಿಲ್ಲ. ಲಾಕ್‌ನಲ್ಲಿ ಒಂದು ಚಕ್ರ ಗಾಳಿಯಲ್ಲಿ, ಇನ್ನೊಂದು ಕಲ್ಲಿಗೆ ಸಿಕ್ಕಿಕೊಂಡರೆ ಎಂಜಿನ್ನಿನ ಪೂರ್ತಿ ಬಲ ಒಂದೇ ಆಕ್ಸೆಲ್ ಶಾಫ್ಟಿಗೆ. ಲೋ ಗೇರಿನಲ್ಲಿ ಅದು ಸಣ್ಣ ಬಲವಲ್ಲ. ದೊಡ್ಡ ಟಯರ್ ಹಾಕಿದ್ದರೆ ಇನ್ನೂ ಕೆಟ್ಟದ್ದು. ಕ್ಲಚ್ ಫಟ್ ಅಂತ ಬಿಡಬೇಡಿ. ಹಾರಿ ಹಾರಿ ಹತ್ತುವಾಗ ಚಕ್ರ ಸುತ್ತುತ್ತಲೇ ನೆಲಕ್ಕೆ ಬಿದ್ದು ಕಚ್ಚುತ್ತದೆ, ಶಾಫ್ಟ್ ಹೋಗುವುದು ಆ ಕ್ಷಣದಲ್ಲೇ. ಗಾಡಿ ಕುಣಿಯತೊಡಗಿದರೆ ಕಾಲು ತೆಗೆಯಿರಿ.

ಮುರಿದರೂ ಒಂದು ಸಮಾಧಾನ ಇದೆ. ಶಾಫ್ಟ್ ಡಿಫ್ ಕಡೆಯ ತುದಿಯಲ್ಲಿ ಮುರಿದರೆ ಇನ್ನೊಂದು ಚಕ್ರ ಇನ್ನೂ ಎಳೆಯುತ್ತದೆ, ನಿಧಾನಕ್ಕೆ ಮನೆ ಸೇರಬಹುದು. ಮಾಮೂಲಿ ಡಿಫ್ ಆಗಿದ್ದರೆ ಟೂ ವೀಲಿನಲ್ಲಿ ಗಾಡಿ ಅಲುಗುತ್ತಲೂ ಇರಲಿಲ್ಲ. ಹಬ್ ಕಡೆ, ಅಂದರೆ ಚಕ್ರದ ಹತ್ತಿರ, ಮುರಿದರೆ ಮಾತ್ರ ಓಡಿಸಬೇಡಿ, ಚಕ್ರವೇ ಹೊರಗೆ ಬರಬಹುದು.

ಎಣ್ಣೆ, ಸೀಲು, ಸದ್ದು

ವೆಲ್ಡ್ ಮಾಡಿದ ಡಿಫ್‌ನ ದೊಡ್ಡ ಭಯ ವೆಲ್ಡಿಂಗ್ ಬಿಟ್ಟುಕೊಳ್ಳುವುದು. ಸ್ಟಾರ್ ಗೇರುಗಳು ಗಟ್ಟಿ ಮಾಡಿದ ಉಕ್ಕು, ಅವಸರದಲ್ಲಿ ಹೊಡೆದ ವೆಲ್ಡಿಂಗ್ ಅದರ ಮೇಲೆ ಬಿರುಕು ಬಿಡುತ್ತದೆ. ಒಂದು ಚೂರು ಉದುರಿ ಕ್ರೌನ್ ವೀಲ್ (ಡಿಫ್‌ನ ದೊಡ್ಡ ಗೇರು) ಮತ್ತು ಪಿನಿಯನ್ (ಅದನ್ನು ತಿರುಗಿಸುವ ಸಣ್ಣ ಗೇರು) ನಡುವೆ ಸಿಕ್ಕಿದರೆ ಓಡುತ್ತಿರುವ ಗಾಡಿಯ ಹಿಂದಿನ ಚಕ್ರ ಎರಡೂ ಒಮ್ಮೆಲೇ ನಿಂತುಬಿಡುತ್ತವೆ.

ಅದಕ್ಕೇ ನಾನು ಡಿಫ್ ಎಣ್ಣೆಯನ್ನು ಮಳೆಗಾಲಕ್ಕೆ ಮೊದಲೊಮ್ಮೆ, ಆದ ಮೇಲೊಮ್ಮೆ ಬದಲಿಸುತ್ತೇನೆ. ಗಾಡಿಯ ಪುಸ್ತಕದಲ್ಲಿ ಹೇಳಿದ ಜಿಎಲ್-5 ಗೇರ್ ಆಯಿಲ್, ಒಂದು ಕ್ಯಾನಿನಷ್ಟು ಖರ್ಚು. ಹಳೆಯ ಎಣ್ಣೆಯನ್ನು ಬಿಳಿ ಟಬ್ಬಿಗೆ ಇಳಿಸಿ, ಅದರಲ್ಲಿ ಒಂದು ಮ್ಯಾಗ್ನೆಟ್ ಆಡಿಸಿ. ಬೂದಿಯಂಥ ನುಣ್ಣನೆ ಪುಡಿ ಅಂಟಿದರೆ ಮಾಮೂಲು. ಉಗುರಿನ ತುಂಡಿನಷ್ಟು ಚಕ್ಕೆ ಸಿಕ್ಕಿದರೆ ಅಲ್ಲಿಗೆ ನಿಲ್ಲಿಸಿ, ಡಿಫ್ ಬಿಚ್ಚಿಸಿ. ಎಣ್ಣೆ ಹಾಲು ಜಾಸ್ತಿಯಾದ ಕಾಫಿಯ ಬಣ್ಣದಲ್ಲಿದ್ದರೆ ಹಳ್ಳ ದಾಟಿದಾಗ ನೀರು ಸೇರಿದೆ. ಹೌಸಿಂಗ್ ಮೇಲಿನ ಬ್ರೀದರಿಗೆ (ಗಾಳಿಯಾಡುವ ತೂತಿಗೆ) ಉದ್ದದ ಪೈಪ್ ಸಿಕ್ಕಿಸಿ ಮೇಲಕ್ಕೆ ಕಟ್ಟಿ.

ಉಳಿದದ್ದು ಹೆಚ್ಚಿಗೆ ಇಲ್ಲ. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸುಗಳು, ಹಿಂದಿನ ಬೇರಿಂಗು, ಎಣ್ಣೆ ಸೀಲು, ಕಮಾನು ಪಟ್ಟಿಯ ಯು ಬೋಲ್ಟು, ಮುಂದಿನ ಹಿಂದಿನ ಆಕ್ಸೆಲ್‌ಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿನ ರಬ್ಬರುಗಳು ಬೇರೆ ಗಾಡಿಗಿಂತ ಬೇಗ ಸಾಯುತ್ತವೆ. ಸೀಲ್ ಸೋರಿದರೆ ಎಣ್ಣೆ ಬ್ರೇಕ್ ಶೂಗೆ ತಾಗುತ್ತದೆ, ತಡ ಮಾಡಬೇಡಿ. ರೇಸ್ ಕೊಟ್ಟು ಬಿಟ್ಟಾಗ ಒಂದು ಟಕ್ ಇರುವುದು ಸಹಜ. ನಿನ್ನೆ ಇಲ್ಲದ ಟಕ್ ಇವತ್ತು ಕೇಳಿದರೆ ಹುಡುಕಿ.

ಕಾಗದ ಪತ್ರ

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಗಾಡಿಯ ಮಾರ್ಪಾಡಿಗೆ ಕಡಿವಾಣ ಹಾಕುತ್ತದೆ. ತಯಾರಕರು ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಡಿಫ್ ಒಳಗಿನ ವೆಲ್ಡಿಂಗ್ ಹೊರಗೆ ಕಾಣುವುದಿಲ್ಲ, ಆದರೆ ಅಪಘಾತವಾದ ಮೇಲೆ ಗಾಡಿ ಬಿಚ್ಚಿದರೆ ಕಾಣುತ್ತದೆ. ಇನ್ಶೂರೆನ್ಸ್‌ನವರನ್ನು ಮೊದಲೇ ಬರಹದಲ್ಲಿ ಕೇಳಿಕೊಳ್ಳಿ.

ಹೊಸ ಗಾಡಿ ಕೊಳ್ಳುವವರಿಗೆ ಈ ತಲೆನೋವೇ ಬೇಡ. 2023ರಲ್ಲಿ ಬಂದ ಮಾರುತಿ ಜಿಮ್ನಿ ಸುತ್ತುವ ಚಕ್ರಕ್ಕೆ ತಾನೇ ಬ್ರೇಕ್ ಹಾಕಿ ಇನ್ನೊಂದಕ್ಕೆ ಬಲ ದಾಟಿಸುತ್ತದೆ. ಫೋರ್ಸ್ ಗೂರ್ಖಾದಲ್ಲಿ ಹಿಂದೆ ಮುಂದೆ ಎರಡಕ್ಕೂ ಡ್ರೈವರ್ ಕೈಯಲ್ಲೇ ಲಾಕ್ ಇದೆ.

ವಾಪಸ್ ಹೋಗುವ ದಾರಿ ಇಟ್ಟುಕೊಳ್ಳಿ

ಜಿಪ್ಸಿಯಲ್ಲಿ ಒಂದು ಅನುಕೂಲ. ಕ್ರೌನ್ ವೀಲ್, ಪಿನಿಯನ್, ಸ್ಟಾರ್ ಗೇರ್ ಎಲ್ಲ ಸೇರಿದ ಉಂಡೆ ಹೌಸಿಂಗಿನ ಮುಂಭಾಗದಿಂದ ಇಡಿಯಾಗಿ ಹೊರಗೆ ಬರುತ್ತದೆ. ಗುಜರಿಯಿಂದ ಒಳ್ಳೆಯ ಮಾಮೂಲಿ ಉಂಡೆಯೊಂದನ್ನು ತಂದು ಇಟ್ಟುಕೊಳ್ಳಿ. ತರುವ ಮುಂಚೆ ಕ್ರೌನ್ ಮತ್ತು ಪಿನಿಯನ್ ಹಲ್ಲು ಎಣಿಸಿ. ಮುಂದಿನ ಡಿಫ್‌ನ ಲೆಕ್ಕಕ್ಕೆ ಹೊಂದದಿದ್ದರೆ ಫೋರ್ ವೀಲ್ ಹಾಕಿದ ದಿನ ಟ್ರಾನ್ಸ್‌ಫರ್ ಕೇಸಿಗೆ ಕೇಡು.

ಬದಲಿಸುವುದು ಹೀಗೆ. ಎಣ್ಣೆ ಇಳಿಸಿ. ಚಕ್ರ, ಡ್ರಮ್ ಬಿಚ್ಚಿ, ಎರಡೂ ಕಡೆಯ ಆಕ್ಸೆಲ್ ಶಾಫ್ಟ್ ಹೊರಗೆ ಎಳೆಯಿರಿ. ಪ್ರೊಪೆಲ್ಲರ್ ಶಾಫ್ಟ್ ಬಿಚ್ಚುವ ಮುಂಚೆ ಫ್ಲ್ಯಾಂಜಿಗೆ ಗುರುತು ಹಾಕಿ. ಸುತ್ತಲಿನ ನಟ್ಟು ಬಿಚ್ಚಿ ಉಂಡೆಯನ್ನು ಅಲುಗಾಡಿಸಿ ಬಿಡಿಸಿ. ಕೆಳಗೆ ಮಲಗಿ ಎದೆಯ ಮೇಲೆ ಇಳಿಸಿಕೊಳ್ಳಬೇಡಿ, ಭಾರ ಇದೆ, ಜಾಕ್ ಕೊಡಿ. ಹೌಸಿಂಗ್ ಒಳಗನ್ನು ಬಟ್ಟೆಯಲ್ಲಿ ಒರೆಸಿ, ಹೊಸ ಗ್ಯಾಸ್ಕೆಟ್ ಇಟ್ಟು, ಬಂದ ದಾರಿಯಲ್ಲೇ ಜೋಡಿಸಿ. ಆಕ್ಸೆಲ್ ಶಾಫ್ಟ್ ವಾಪಸ್ ತೂರಿಸುವ ಮುಂಚೆ ಆಕ್ಸೆಲ್ ಸೀಲ್ ಹೊಸದು ಹಾಕಿಬಿಡಿ, ಹೇಗೂ ಬಿಚ್ಚಿದ್ದೀರಲ್ಲ. ಕೊನೆಗೆ ಎಣ್ಣೆ ತುಂಬಿ. ನಾವು ಇಬ್ಬರು ಸೇರಿ ಮಧ್ಯಾಹ್ನ ಊಟ ಮುಗಿಸಿ ಶುರು ಮಾಡಿದರೆ ಕತ್ತಲಾಗುವುದರೊಳಗೆ ಗಾಡಿ ಓಡುತ್ತದೆ.

ಈಗ ನನ್ನದು ಇದೇ ಪದ್ಧತಿ. ಮೇ ಕೊನೆಗೆ ವೆಲ್ಡ್ ಮಾಡಿದ ಉಂಡೆ ಒಳಗೆ, ದೀಪಾವಳಿ ಕಳೆದ ಮೇಲೆ ಹೊರಗೆ. ಬೇಸಿಗೆಯಲ್ಲಿ ಅದು ಎಣ್ಣೆ ಬಟ್ಟೆ ಸುತ್ತಿಕೊಂಡು ಕಾಫಿ ಗೋಡೌನಿನ ಮೂಲೆಯಲ್ಲಿ ಕೂತಿರುತ್ತದೆ. ಹೆಂಡತಿ ಗಾಡಿ ಕೇಳುವುದೂ ಆ ತಿಂಗಳುಗಳಲ್ಲೇ.